ಗ್ಲುಟೆನ್ ಕೂಡದ ಮನೆಗೆ ರಾಗಿಹಿಟ್ಟು: ಮಿಲ್ಲು, ಪ್ಯಾಕೆಟ್ಟು, ಮನೆ ಯಂತ್ರ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇದ್ದು, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಿಟ್ಟು ಬೀಸುವ ಸಣ್ಣ ಯಂತ್ರವನ್ನು ಮನೆಗೇ ತನ್ನಿ. ಮೂರನ್ನೂ ಬಳಸಿದ ಮೇಲೆ ನಾನು ಅದರ ಪಕ್ಷ.

ನನ್ನ ಮಗಳಿಗೆ ಗೋಧಿ ಕೂಡದು. ಚಪಾತಿ, ಬ್ರೆಡ್, ರವೆ, ಶಾವಿಗೆ ಬಿಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ನಮ್ಮದು ಮೊದಲಿಂದಲೂ ಮುದ್ದೆ, ಅನ್ನ ತಿನ್ನುವ ಮನೆ. ಆದರೂ ಅವಳ ಹೊಟ್ಟೆ ಉಬ್ಬರ ಹೋಗಲಿಲ್ಲ, ರಕ್ತಪರೀಕ್ಷೆಯಲ್ಲಿ ಟಿಟಿಜಿ (ಸೀಲಿಯಾಕ್ ಇರುವವರು ಗ್ಲುಟೆನ್ ತಿಂದರೆ ಏರುವ ಅಂಶ) ಇಳಿಯಲಿಲ್ಲ. ಗೋಧಿ ಮುಟ್ಟದ ಮಗುವಿನ ಹೊಟ್ಟೆಗೆ ಗೋಧಿ ಹೋಗುತ್ತಿದ್ದದ್ದು ರಾಗಿಹಿಟ್ಟಿನ ಜೊತೆಗೆ.

ನಮ್ಮ ಬೀದಿಯ ಮಿಲ್ಲಿನವರು ಒಳ್ಳೆಯವರು. "ನಿಮ್ಮದನ್ನ ಬೇರೆ ಹಾಕ್ಕೊಡ್ತೀನಿ ಬಿಡಿ ಅಕ್ಕ" ಅಂದರು, ಹಾಗೇ ಮಾಡಿದರು. ತೊಂದರೆ ಇರುವುದು ಯಂತ್ರದಲ್ಲಿ. ಒಂದು ದಿನ ಪಕ್ಕದಲ್ಲೇ ನಿಂತು ನೋಡಿದೆ. ನನಗಿಂತ ಮುಂಚೆ ಬಂದವರದು ಗೋಧಿ. ಹಿಟ್ಟು ಇಳಿಯುವ ಬಾಯಿಗೆ ಉದ್ದದ ಬಟ್ಟೆ ಕಟ್ಟಿರುತ್ತಾರಲ್ಲ, ಅದನ್ನು ಪಟಪಟ ಬಡಿದು ಕೊಡವಿದರು. ಆಮೇಲೆ ನನ್ನ ರಾಗಿ ಸುರಿದರು. ಮೊದಲು ಬೆಳ್ಳಗೆ ಬಂದದ್ದನ್ನು ಪಕ್ಕಕ್ಕೆ ತೆಗೆದರು. ಸರಿ ಅಂದುಕೊಂಡೆ. ಆದರೆ ರಾಗಿ ಮುಗಿದ ಮೇಲೆ ಮತ್ತೆ ಬಟ್ಟೆ ಬಡಿದಾಗ ಅದರ ಮಡಿಕೆಯಿಂದ ಇನ್ನಷ್ಟು ಬಿಳಿ ಹಿಟ್ಟು ಉದುರಿತು, ನನ್ನ ಡಬ್ಬಕ್ಕೇ.

ಇಷ್ಟಕ್ಕೆಲ್ಲ ಏನಾಗುತ್ತೆ ಅನ್ನುವವರು ಈ ಲೆಕ್ಕ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ನಿಯಮದ ಪ್ರಕಾರ 'ಗ್ಲುಟೆನ್ ಫ್ರೀ' ಅಂತ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು. ಒಂದೇ ಒಂದು ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 80 ಮಿಲಿಗ್ರಾಂ ಇರುತ್ತದೆ. ಒಂದು ಗ್ರಾಂ ಅಂದರೆ ಅರ್ಧ ಟೀ ಚಮಚವೂ ಆಗುವುದಿಲ್ಲ. ಅಷ್ಟು ಬೆರೆತರೆ ಒಂದು ಕೆಜಿ ರಾಗಿಹಿಟ್ಟು ಮಿತಿಯ ಸುಮಾರು ನಾಲ್ಕು ಪಟ್ಟಾಯಿತು. ಜರಡಿ ಹಿಡಿದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಹೋದರೂ ಕಲ್ಲಿನ ಸಂದಿಯಲ್ಲಿ ನಿನ್ನೆಯ ಗೋಧಿ ಇದ್ದೇ ಇರುತ್ತದೆ.

ಇನ್ನು ಪ್ಯಾಕೆಟ್ಟು. ಮಾಮೂಲಿ ರಾಗಿಹಿಟ್ಟಿನ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರ ಓದಿ. 'ಗೋಧಿಯ ಅಂಶ ಇರಬಹುದು' ಅಂತ ಇದ್ದರೆ ವಾಪಸ್ ಇಟ್ಟುಬಿಡಿ. ಗ್ಲುಟೆನ್ ಫ್ರೀ ಅಂತ ಸ್ಪಷ್ಟವಾಗಿ ಬರೆದಿರುವ ಹಿಟ್ಟನ್ನು ನಂಬಬಹುದು, ಆದರೆ ಬೆಲೆ ಜಾಸ್ತಿ. ದಿನಾ ಮುದ್ದೆ ಉಣ್ಣುವ ಮನೆಗೆ ತಿಂಗಳ ಕೊನೆಗೆ ಅದು ಭಾರವೇ. ಹೊಸದಾಗಿ ಬೀಸಿದ ರಾಗಿಯ ಘಮವೂ ಅದರಲ್ಲಿಲ್ಲ.

ಮನೆ ಯಂತ್ರಕ್ಕೆ ನಮಗೆ ಹದಿನೈದು ಸಾವಿರದ ಮೇಲೆ ಬಿತ್ತು. ಸದ್ದು ಜೋರು, ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ ಹಾಕುವುದಿಲ್ಲ. ತೊಳೆದ ರಾಗಿ ಚೂರು ಹಸಿ ಇದ್ದರೂ ಜಾಲರಿ ಕಟ್ಟಿಕೊಳ್ಳುತ್ತದೆ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಲೇಬೇಕು. ಬೀಸುವ ಮುಂಚೆ ಕಾಳನ್ನು ಮೊರದಲ್ಲಿ ಹಾಕಿ ನೋಡುತ್ತೇನೆ. ರಾಗಿಯ ನಡುವೆ ಗೋಧಿಕಾಳು ಸಿಕ್ಕಿದರೆ ಉದ್ದಕ್ಕೆ ಎದ್ದು ಕಾಣುತ್ತದೆ. ಜೋಳದಲ್ಲಿ ಮಾತ್ರ ಕಣ್ಣು ಸ್ವಲ್ಪ ಜಾಸ್ತಿ ಹೊತ್ತು ಇಡಬೇಕು.

ಈ ಯಂತ್ರಕ್ಕೆ ಒಂದೇ ಕಟ್ಟುಪಾಡು: ಗೋಧಿ ಯಾವತ್ತೂ ಬೀಳಕೂಡದು. "ಒಂದು ಸಲ ಹಾಕಿ ತೊಳೆದರಾಯ್ತು" ಅಂತ ನೆಂಟರು ಹೇಳುತ್ತಾರೆ, ಒಪ್ಪಬೇಡಿ. ನಮ್ಮವರಿಗೆ ಚಪಾತಿ ಹಿಟ್ಟು ಅಂಗಡಿಯಿಂದ ಬರುತ್ತದೆ, ಬೇರೆ ಕಪಾಟಿನಲ್ಲಿರುತ್ತದೆ, ಲಟ್ಟಣಿಗೆಯೂ ಬೇರೆ. ಅದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಯಂತ್ರ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ, ಎಷ್ಟೋ ಇಂಗಿನಲ್ಲಿ ಗೋಧಿಹಿಟ್ಟು ಇರುತ್ತದೆ.

ಈಗ ಅವಳ ಟಿಟಿಜಿ ಇಳಿಯುತ್ತಿದೆ. ಯಂತ್ರಕ್ಕೆ ದುಡ್ಡು ಹೊಂದದಿದ್ದರೆ ಮಿಲ್ಲಿಗೆ ಮಾತ್ರ ಹೋಗಬೇಡಿ. ಇಡ್ಲಿ, ದೋಸೆ, ನೀರುದೋಸೆಗೆ ಅಕ್ಕಿ ನೆನೆಸಿ ಮನೆಯ ಗ್ರೈಂಡರಿನಲ್ಲೇ ರುಬ್ಬಿಕೊಳ್ಳಿ, ಮುದ್ದೆಗೆ ಮಾತ್ರ ಗ್ಲುಟೆನ್ ಫ್ರೀ ಪ್ಯಾಕೆಟ್ಟು ತನ್ನಿ. ಹಾಸ್ಟೆಲ್ಲಿನಲ್ಲಿ, ಬಾಡಿಗೆ ರೂಮಿನಲ್ಲಿ ಒಬ್ಬರೇ ಇರುವವರಿಗೂ ಅದೇ ಸರಿ.