ಎರಡು ಸೂಜಿ, ಒಂದೇ ಹೊಟ್ಟೆ

ಕಳೆದ ಕೈಲ್ ಮುಹೂರ್ತ ಹಬ್ಬದ ದಿನ ಕಡಂಬುಟ್ಟು, ಪಂದಿಕರಿಯನ್ನು ಮುಂದಿಟ್ಟುಕೊಂಡು ಎರಡೇ ತುತ್ತಿಗೆ ಕೈ ತೊಳೆದೆ. ಕಾಚಂಪುಳಿ ಹೆಚ್ಚಾಯಿತೇನೋ ಎಂದು ಅವ್ವ ಪೇಚಾಡಿಕೊಂಡರು. ಹೆಚ್ಚಾಗಿದ್ದದ್ದು ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಆ ವಾರವೇ ಅದರ ಪ್ರಮಾಣ 1 ಮಿಲಿಗ್ರಾಂಗೆ ಏರಿತ್ತು.

2025ರ ಜುಲೈಯಲ್ಲಿ 0.25ರಿಂದ ಆರಂಭಿಸಿದ್ದೆ. ಊಟವಾದಾಗ ಕರುಳು ಸುರಿಸುವ ಜಿಎಲ್‌ಪಿ-1 ಹಾರ್ಮೋನಿನ ವೇಷ ಈ ಔಷಧಿಯದು. ಸಹಜ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷವಷ್ಟೇ ಬಾಳುತ್ತದೆ. ಔಷಧಿಯಾದರೋ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು, ವಾರ ಕಳೆದರೂ ಅರ್ಧದಷ್ಟು ಉಳಿದಿರುತ್ತದೆ. ಮಿದುಳಿಗೆ ಹಸಿವಿಲ್ಲವೆಂದು ಹೇಳುತ್ತದೆ, ಜಠರ ಖಾಲಿಯಾಗುವುದನ್ನು ತಡೆದು ನಿಧಾನಗೊಳಿಸುತ್ತದೆ. ಈ ಎರಡನೆಯ ಕೆಲಸವೇ ನನ್ನನ್ನು ಕಾಡಿದ್ದು. ಬೆಳಗಿನ ಅಕ್ಕಿರೊಟ್ಟಿ ಸಂಜೆಯವರೆಗೂ ಎದೆಯ ಬಳಿಯೇ ಕುಳಿತಿರುತ್ತಿತ್ತು. ವಾಕರಿಕೆ, ಮಲಬದ್ಧತೆ ಬೇರೆ. ತೂಕವೇನೋ 96ರಿಂದ 90 ಕಿಲೋಗೆ ಇಳಿಯಿತು.

ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ ವೈದ್ಯರು ಟಿರ್ಜೆಪಟೈಡ್‌ಗೆ ಬದಲಿಸಿದರು. ಇದು ಜಿಎಲ್‌ಪಿ-1 ಮತ್ತು ಕರುಳಿನ ಇನ್ನೊಂದು ಹಾರ್ಮೋನು ಜಿಐಪಿ, ಎರಡರ ಗ್ರಾಹಕಗಳನ್ನೂ (ಹಾರ್ಮೋನು ಬಂದು ಕೂರುವ ಜೀವಕೋಶದ ತಾಣಗಳನ್ನು) ಕೆಣಕುವ ಒಂದೇ ಅಣು. ಆದರೆ ಸಮಪಾಲಲ್ಲ: ಜಿಐಪಿ ಗ್ರಾಹಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಜಿಎಲ್‌ಪಿ-1ರದ್ದನ್ನು ಸಡಿಲವಾಗಿ. ಜಿಐಪಿ ವಾಕರಿಕೆಯನ್ನು ತಗ್ಗಿಸುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ನನಗೂ ವಾಕರಿಕೆ ಬಹುತೇಕ ನಿಂತಿತು. ಆದರೂ ನನ್ನ ಸಾಕ್ಷ್ಯವನ್ನು ಪೂರ್ತಿ ನಂಬಬೇಡಿ. ಐದು ತಿಂಗಳು ಮೊದಲ ಸೂಜಿಗೆ ಪಳಗಿದ ಹೊಟ್ಟೆಗೆ ಎರಡನೆಯದು ಹಗುರವೆನಿಸುವುದು ಸಹಜ. ಇವೆರಡನ್ನೂ ಎದುರುಬದುರು ನಿಲ್ಲಿಸಿ 2025ರಲ್ಲಿ ಪ್ರಕಟವಾದ 72 ವಾರಗಳ ಪ್ರಯೋಗದಲ್ಲಿ ಟಿರ್ಜೆಪಟೈಡ್ ಪಡೆದವರು ಸರಾಸರಿ ಶೇ. 20.2, ಸೆಮಾಗ್ಲುಟೈಡ್ ಪಡೆದವರು ಶೇ. 13.7 ತೂಕ ಕಳೆದುಕೊಂಡರು.

ಒಂದು ಕೊರತೆಯಿದೆ. ಟಿರ್ಜೆಪಟೈಡ್ ಐದು ದಿನಕ್ಕೇ ಅರ್ಧವಾಗುತ್ತದೆ. ಭಾನುವಾರ ಚುಚ್ಚಿಕೊಂಡರೆ ಶನಿವಾರ ಕಾಫಿ ಕಣದಲ್ಲಿ ನಿಂತಾಗ ಹಳೆಯ ಹಸಿವು ಇಣುಕುತ್ತಿತ್ತು. ಮೊದಲನೆಯದರಲ್ಲಿ ಹಾಗಾಗಿರಲಿಲ್ಲ.

ಇನ್ನೂ ಬಳಸದ ಇಂಜೆಕ್ಷನ್ ಪೆನ್ನುಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ, ನನ್ನ ಪೆನ್ನು ಜನರೇಟರ್ ಇರುವ ನೆರೆಮನೆಯ ಫ್ರಿಜ್ಜಿನಲ್ಲಿ ಹಂದಿಮಾಂಸದ ಡಬ್ಬಿಯ ಪಕ್ಕ ವಾಸವಿತ್ತು!

ಇವೆರಡರ ಜೊತೆ ಗ್ಲುಕಗಾನ್ ಎಂಬ ಮೂರನೆಯ ಹಾರ್ಮೋನಿನ ಗ್ರಾಹಕವನ್ನೂ ಸೇರಿಸಿಕೊಂಡು, ದೇಹದ ಶಕ್ತಿಯ ಖರ್ಚನ್ನೂ ಹೆಚ್ಚಿಸಲು ಹೊರಟ ರೆಟಾಟ್ರುಟೈಡ್ ಮೂರು ಹಾರ್ಮೋನುಗಳ ಮದ್ದು. ಅದನ್ನು ನಾನು ಚುಚ್ಚಿಕೊಂಡಿಲ್ಲ, ಆದ್ದರಿಂದ ಹೋಲಿಸುವುದಿಲ್ಲ.

ನನ್ನ ಮತ ಎರಡನೆಯ ಸೂಜಿಗೆ. ಈಗ 83 ಕಿಲೋ ಇದ್ದೇನೆ. ಆದರೆ ಯಾವ ಸೂಜಿಯಾದರೂ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಹಿಂದಿನ ಕೊಯ್ಲಿನಲ್ಲಿ ಒಬ್ಬನೇ ಎತ್ತುತ್ತಿದ್ದ 50 ಕಿಲೋ ಕಾಫಿ ಚೆರ್ರಿ ಮೂಟೆಗೆ ಈ ಸಲ ಇನ್ನೊಬ್ಬರನ್ನು ಕೂಗಬೇಕಾಯಿತು.