ರಸ್ತೆ ಮ್ಯಾಲೆ ಪೊಲೀಸ್ರ ವಿಡಿಯೋ ಮಾಡೋರು ಇದನ್ನ ಪೂರ್ತಿ ಓದ್ರಿ

ಗಾಡಿ ಓಡಿಸೋರು, ಗಂಜಿಗೆ (ಮಾರ್ಕೆಟ್ ಯಾರ್ಡಿಗೆ) ಮಾಲು ಹಾಕೋರು, ದಿನಾ ಚೆಕಿಂಗ್ ದಾಟಿ ಹೋಗೋರು ಎಲ್ಲಾರೂ ಓದ್ರಿ, ಉದ್ದ ಐತಿ ಅಂತ ಅರ್ಧಕ್ಕ ಬಿಡಬ್ಯಾಡ್ರಿ. ಪೊಲೀಸ್ರು ತಪ್ಪು ನಡದ್ರ ಫೋನ್ ತಗದು ವಿಡಿಯೋ ಮಾಡ್ರಿ, ಮುಗೀತು ಅಂತ ಎಲ್ಲಾರೂ ಹೇಳ್ತಾರ. ಮುಗಿಯಂಗಿಲ್ಲ. ಆ ವಿಡಿಯೋ ಒಂದ ಫೋನಿನಾಗ ಅಷ್ಟ ಇತ್ತು ಅಂದ್ರ ಅದು ಹೋದಂಗ ಲೆಕ್ಕ, ಮತ್ತ ಅದ ಟೈಮಿನಾಗ ಬ್ಯಾರೆ ಯಾರೋ ದೂರದಿಂದ ಹಿಡದ ಅರ್ಧ ಕ್ಲಿಪ್ ನಿಮ್ಮ ಮ್ಯಾಲೆ ತಿರುಗಿ ಬೀಳ್ತೈತಿ. ನಮ್ಮ ಮನಿ ಹುಡುಗ್ರಿಗೆ ಎರಡೂ ಒಂದ ದಿನ ಆಗ್ಯಾವ.

ಸ್ಟೇಷನ್ ಹೆಸರು, ಸಾಹೇಬ್ರ ಹೆಸರು ಹಾಕಂಗಿಲ್ಲ, ನಮ್ಮ ದೂರು ಇನ್ನೂ ಮುಗಿದಿಲ್ಲ. ರಾಯಚೂರು ಜಿಲ್ಲಾದಾಗ ಆಗಿದ್ದು, ಅಷ್ಟು ತಿಳ್ಕೊಳ್ರಿ.

ನನ್ನ ತಮ್ಮಂದು ಒಂದು ಪಿಕಪ್ ಗಾಡಿ ಐತಿ, ಹತ್ತಿ ಸೀಜನ್ ಬಂತು ಅಂದ್ರ ನಮ್ಮ ಕಡಿ ರೈತರ ಮಾಲು ತುಂಬ್ಕೊಂಡು ರಾಯಚೂರು ರಾಜೇಂದ್ರ ಗಂಜಿಗೆ ಹಾಕಿ ಬರ್ತಾನ. ಹೋದ ಡಿಸೆಂಬರ್‌ದಾಗ ನಸಿಕಿನ್ಯಾಗ ಹೊಂಟಿದ್ದ, ಅಯ್ಯಪ್ಪ ಮಾಲಿ ಹಾಕಿದ್ದ, ಕರಿ ಲುಂಗಿ ಕರಿ ಅಂಗಿ, ಜೋಡಿ ನಮ್ಮಕ್ಕನ ಮಗ ಕುಂತಿದ್ದ, ಡಿಪ್ಲೊಮಾ ಓದೋ ಹುಡುಗ. ಒಂದು ಕ್ರಾಸಿನ್ಯಾಗ ಗಾಡಿಗೆ ಕೈ ಅಡ್ಡ ಮಾಡಿದ್ರು. ಒಬ್ರು ಎಎಸ್ಐ, ಇಬ್ರು ಪೇದೆ. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲಾ ಡಿಜಿಲಾಕರಿನ್ಯಾಗ ತೋರಿಸ್ಯಾನ, ಅದು ಒರಿಜಿನಲ್ ಇದ್ದಂಗ ನಡೀತೈತಿ ಅಂತ ಮೋಟಾರು ವಾಹನ ನಿಯಮದಾಗ ಐತಿ. ಆಮ್ಯಾಲೆ ಓವರ್‌ಲೋಡ್ ಅಂದ್ರು. ತಮ್ಮ ಕಾಟಾ ಚೀಟಿ ತಗದು ಕೊಟ್ಟಾನ, ತೂಕ ಲಿಮಿಟ್ ಒಳಗ ಇತ್ತು. ಪೊಲೀಸ್ರು ಚೀಟಿ ನೋಡಿದ್ರಂತ, ಮಡಚಿದ್ರಂತ, ತಮ್ಮದ ಜೇಬಿನಾಗ ಇಟ್ಕೊಂಡ್ರಂತ. "ಕೇಸ್ ಹಾಕಿದ್ರ 20 ಸಾವಿರ ಆಗ್ತೈತಿ, ಎರಡು ಸಾವಿರ ಕೊಟ್ಟು ನಡಿ ಮಗನ" ಅಂದ್ರು.

ಓವರ್‌ಲೋಡಿಗೆ ಕಾನೂನಿನ್ಯಾಗ 20 ಸಾವಿರ ದಂಡ ಇರೋದು ಖರೆ, ಅದಕ್ಕ ಆ ಮಾತಿಗೆ ಅಷ್ಟು ಜನ ಹೆದರಿ ರೊಕ್ಕ ಕೊಟ್ಟು ಹೋಗ್ತಾರ. ತಮ್ಮ ಹೆದರಲಿಲ್ಲ. "ರಸೀದಿ ಹರದು ಕೊಡ್ರಿ ಸರ್, ಕೋರ್ಟಿನ್ಯಾಗ ಕಟ್ತೀನಿ" ಅಂದ. ಅಲ್ಲಿಂದ ದನಿ ಏರಿತು, ಬೈಗುಳ ಚಾಲೂ ಆತು, ಅಳಿಯ ಗಾಡಿ ಒಳಗ ಕುಂತಾವ ಕುಂತಲ್ಲೇ ಫೋನ್ ಎತ್ತಿ ರೆಕಾರ್ಡ್ ಮಾಡಾಕ ಹತ್ಯಾನ. ರೊಕ್ಕ ಕೇಳಿದ್ದು ಇನ್ನೊಂದ್ಸಲ ಅದರಾಗ ಚೊಲೋ ಕೇಳಿಸ್ತಿತ್ತಂತ, "ಎರಡಾಗಂಗಿಲ್ಲಾ ಅಂದ್ರ ಒಂದೂವರಿ ಕೊಡು" ಅಂತ.

ಒಬ್ಬ ಪೇದೆ ಬಂದಾನ, ಕಿಟಕಿಯಿಂದ ಕೈ ಹಾಕಿ ಫೋನ್ ಕಸ್ಕೊಂಡಾನ. ಫೋನ್ ಲಾಕ್ ಆತು. ಆಮ್ಯಾಲೆ ಏನು ಮಾಡ್ಯಾರ ಕೇಳ್ರಿ, ಹುಡುಗನ ಗದ್ದ ಹಿಡದು ಮುಖ ಎತ್ತಿ ಫೋನ್ ಎದುರಿಗೆ ಹಿಡಿದ್ರು, ಫೇಸ್ ಲಾಕ್ ತಾನ ತಕ್ಕೊಂತು. ಗ್ಯಾಲರಿಗೆ ಹೋಗಿ ವಿಡಿಯೋ ಅಳಿಸಿದ್ರು, ಅಲ್ಲಿಗೂ ಬಿಡಲಿಲ್ಲ, ಅಳಿಸಿದ್ದು ಇರೋ ಬಿನ್ನಿಗೆ ಹೋಗಿ ಅಲ್ಲಿಂದನೂ ತಗದ್ರು. ಆ ಪೇದೆ ಕೈ ನಡುಗಲಿಲ್ಲ, ಹುಡುಕಾಡಲಿಲ್ಲ, ಎಲ್ಲಿ ಒತ್ತಬೇಕು ಅನ್ನೋದು ಬೆರಳಿಗೆ ಗೊತ್ತಿತ್ತು ಅಂತ ಅಳಿಯ ಹೇಳ್ತಾನ. ಅದನ್ನ ಕೇಳಿದಾಗಿಂದ ನನಗ ಒಂದ ವಿಚಾರ, ಇದು ಮೊದಲನೇ ಫೋನ್ ಅಲ್ಲ.

ಹುಡುಗನ ಗದ್ದ ಹಿಡದಾಗ ತಮ್ಮ ಇಳಿದು ಹೋಗಿ ಪೇದೆ ಮುಂಗೈ ಹಿಡದು "ಅವನ್ನ ಬಿಡ್ರಿ" ಅಂದಾನ. ಹೊಡದಿಲ್ಲ, ನೂಕಿಲ್ಲ, ಮುಂಗೈ ಹಿಡದಾನ ಅಷ್ಟ. ರಸ್ತೆ ಆಚಿಕಡಿ ಚಾ ಹೋಟೆಲಿನ ಮುಂದ ನಿಂತಾವ ಯಾರೋ ಅದೊಂದ ಹಿಡದಾನ, ಅರ್ಧ ನಿಮಿಷ ಆದ್ರೂ ಇಲ್ಲ. ಮಾತು ಕೇಳಂಗಿಲ್ಲ, ಲಾರಿ ಸಪ್ಪಳ. ಕರಿ ಅಂಗಿ ಹಾಕಿದಾವ ಒಬ್ಬ ಪೊಲೀಸ್ರ ಕೈ ಹಿಡದು ಎಳದಂಗ ಕಾಣ್ತೈತಿ.

ಮಧ್ಯಾನದೊಳಗ "ಕುಡಿದ ಮತ್ತಿನಲ್ಲಿ ಪೊಲೀಸರ ಮೇಲೆ ಕೈ ಮಾಡಿದ ಚಾಲಕ" ಅಂತ ಎಲ್ಲಾ ಗ್ರೂಪಿನ್ಯಾಗ. ಸಿಂಧನೂರು, ಮಾನ್ವಿ, ಲಿಂಗಸುಗೂರು, ಗಂಗಾವತಿ ತನಕಾ ಹೋತು. ನಮ್ಮ ಬೀಗರು ಇರೋ ಗ್ರೂಪಿಗೂ ಬಂತು. ಕೆಳಗ ಕಮೆಂಟ್ ನೋಡ್ಬೇಕಿತ್ರಿ. "ಮಾಲಿ ಹಾಕಿ ಕುಡೀತಾನ, ಇವಂಗ ಲಾಠಿ ಬೇಕು", "ಸಾಹೇಬ್ರು ಬಿಡಬಾರದಿತ್ತು". ನಮ್ಮ ತಮ್ಮ ಹನಿ ಮುಟ್ಟಂಗಿಲ್ಲ. ಅವ್ವ ಆ ದಿನ ಊಟ ಬಿಟ್ಟಾಕಿ "ಪೊಲೀಸ್ರ ದೋಸ್ತಿನೂ ಬ್ಯಾಡ ದುಶ್ಮನಿನೂ ಬ್ಯಾಡ ಅಂತ ಮೊದ್ಲ ಹೇಳಿದ್ದೆ" ಅಂತ ಒಂದ ಸಮ ಅಳಾಕ ಹತ್ತಿದ್ಲು.

ಇಲ್ಲಿ ಒಂದು ಮಾತು ಹೇಳ್ಬೇಕು. ಪೊಲೀಸ್ರು ಅಂದ್ರ ನಮ್ಮ ಜನಕ್ಕ ಎದುರಿಗೆ ಹೆದರಿಕಿ, ಫೋನಿನ್ಯಾಗ ಚಪ್ಪಾಳಿ. 2020ರ ಲಾಕ್‌ಡೌನಿನ್ಯಾಗ ಔಷಧ ತರಾಕ ಹೋದವ್ರಿಗೆ, ಕಾಯಿಪಲ್ಯ ತರಾಕ ಹೋದವ್ರಿಗೆ ಲಾಠಿ ಬೀಸಿದ ವಿಡಿಯೋಕ್ಕ ಹಾಡು ಹಚ್ಚಿ ನಗಾಡ್ಕೋತ ಹಂಚಿದ್ರಲ್ಲ, ಆ ಹೊಡ್ತ ತಿಂದಾವ ಯಾಕ ಹೊರಗ ಬಂದಿದ್ದ ಅಂತ ಒಬ್ರೂ ಕೇಳ್ಲಿಲ್ಲ. ಅದ ಗ್ರೂಪಿನ್ಯಾಗ ಮರುದಿನ ಪೇದೆ ಒಬ್ರು ಮುದುಕಿಗೆ ರಸ್ತೆ ದಾಟಿಸಿದ ಫೋಟೋ ಬರ್ತೈತಿ, ಅದಕ್ಕೂ ಕೈ ಮುಗೀತಾರ. ಎರಡೂ ತುಣುಕು. ತುಣುಕು ನೋಡಿ ದೇವ್ರು ಮಾಡೋದು, ತುಣುಕು ನೋಡಿ ರಾಕ್ಷಸ ಮಾಡೋದು, ಇದರಾಗ ಯಾವ ಅಧಿಕಾರಿಗೂ ಲೆಕ್ಕ ಕೇಳಿದಂಗ ಆಗಂಗಿಲ್ಲ. ಒಳ್ಳೇ ಪೊಲೀಸ್ರೂ ಅದಾರ, ಹಗಲು ರಾತ್ರಿ ಬಂದೋಬಸ್ತ್ ಮಾಡಿ ಹಬ್ಬಕ್ಕೂ ಮನಿಗೆ ಹೋಗದವ್ರು ಅದಾರ, ಪೂರ್ತಿ ರೆಕಾರ್ಡಿಂಗ್ ಇದ್ರ ಮೊದ್ಲು ಉಳಿಯೋದು ಅವರ ಮರ್ಯಾದಿನ.

ಮುಂದಿನ ಕತಿ. ಇಬ್ಬರನ್ನೂ ಸ್ಟೇಷನ್ನಿಗೆ ಒಯ್ದು ಸಂಜಿ ತನಕಾ ಕುಂದ್ರಿಸಿದ್ರು, "353 ಹಾಕ್ತೀನಿ, ಹುಡುಗನ ಓದು ಮುಗೀತು" ಅಂತ. 353 ಅಂದ್ರ ಹಳೇ ಐಪಿಸಿ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕ ಭಾರತೀಯ ನ್ಯಾಯ ಸಂಹಿತೆ ಬಂದೈತಿ, ಈಗ ಅದು 132ನೇ ಕಲಂ, ಸರ್ಕಾರಿ ನೌಕರನ ಕೆಲಸ ತಡಿಯಾಕ ಬಲಪ್ರಯೋಗ ಮಾಡಿದ್ರ ಎರಡು ವರ್ಷದ ತನಕಾ ಜೈಲು. ಬಾಯಿಯೊಳಗ ಮಾತ್ರ ಇನ್ನೂ ಹಳೇ ನಂಬರ್ ಐತಿ. ಊರ ಹಿರ್ಯಾರು ಹೋಗಿ ಕೈಕಾಲು ಹಿಡದ ಮ್ಯಾಲೆ ಮುಚ್ಚಳಿಕಿ ಬರಸ್ಕೊಂಡು ಬಿಟ್ರು. ಆ ಮುಚ್ಚಳಿಕಿ ಸ್ಟೇಷನ್ನಿನವ್ರ ಬರದಿದ್ರು, ನಮ್ಮ ಹುಡುಗ್ರು ಸಹಿ ಅಷ್ಟ ಹಾಕ್ಯಾರ, ಕಾಪಿ ಕೇಳಿದ್ರ ಕೊಡಲಿಲ್ಲ. ಒಳಗ "ಕರ್ತವ್ಯನಿರತ ಸಿಬ್ಬಂದಿಯೊಂದಿಗೆ ಅನುಚಿತವಾಗಿ ವರ್ತಿಸಿದ್ದು ನಮ್ಮ ತಪ್ಪು" ಅಂತ ಇತ್ತು. ಅದು ನಮಗ ಗೊತ್ತಾಗಿದ್ದು ನಾವು ಎಸ್ಪಿಗೆ ಕೊಟ್ಟ ದೂರಿನ ಮ್ಯಾಲೆ ಡಿವೈಎಸ್ಪಿ ಆಫೀಸಿನ್ಯಾಗ ವಿಚಾರಣೆಗೆ ಕರದಾಗ, ನಮ್ಮ ಮುಂದ ಅದನ್ನ ಓದಿದ್ರು. ವಿಡಿಯೋ ಎಲ್ಲಿ ಅಂದ್ರು. ಅಳಿಸ್ಯಾರ ಸರ್ ಅಂದ್ವಿ. ಅಳಿಸಿದ್ದಕ್ಕ ಪುರಾವಿ ಏನು ಅಂದ್ರು.

ಕ್ರಾಸಿನ ಬಾಜೂ ಪೆಟ್ರೋಲ್ ಬಂಕ್ ಐತಿ, ಕ್ಯಾಮೆರಾ ರಸ್ತೆ ಕಡೀನ ಮುಖ ಮಾಡೈತಿ. ಮ್ಯಾನೇಜರ್ ಸ್ಟೇಷನ್ನಿಂದ ಲೆಟರ್ ತಂದ್ರ ತೋರಿಸ್ತೀನಿ ಅಂದ. ಯಾರ ಮ್ಯಾಲೆ ದೂರೋ ಅವರ ಕಡಿಂದ ಲೆಟರ್ ತರ್ಬೇಕಂತ! ಎಸ್ಪಿ ಆಫೀಸಿನಿಂದ ಕಾಗದ ಹೋಗೋದ್ರೊಳಗ ಹಳೇ ರೆಕಾರ್ಡಿಂಗ್ ಮ್ಯಾಲೆ ಹೊಸಾದು ಕುಂತಿತ್ತು, ಡಿವಿಆರ್ (ಕ್ಯಾಮೆರಾ ರೆಕಾರ್ಡಿಂಗ್ ಪೆಟ್ಟಿಗಿ) ತುಂಬಿದ್ರ ಹಂಗ ಆಗ್ತೈತಿ. ಸ್ಟೇಷನ್ ಒಳಗಿನ ಕ್ಯಾಮೆರಾದ್ದು ಆರ್‌ಟಿಐ ಹಾಕಿದ್ವಿ, "ಸದರಿ ಅವಧಿಯಲ್ಲಿ ಕ್ಯಾಮೆರಾ ದುರಸ್ತಿಯಲ್ಲಿತ್ತು" ಅಂತ ಒಂದ ಸಾಲಿನ ಉತ್ತರ.

ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ಕ್ಕ ಪರಮ್‌ವೀರ್ ಸಿಂಗ್ ಸೈನಿ ಕೇಸಿನ್ಯಾಗ ಏನು ಹೇಳೈತಿ ಗೊತ್ತೇನ್ರಿ? ದೇಶದ ಪ್ರತಿ ಠಾಣೆಯಾಗ ಬಾಗಿಲು, ಲಾಕಪ್, ಪಡಸಾಲಿ, ಸಾಹೇಬ್ರ ರೂಮು ಎಲ್ಲಾ ಕಡಿ ದನಿ ಸಮೇತ ರೆಕಾರ್ಡ್ ಆಗೋ ಕ್ಯಾಮೆರಾ ಇರ್ಬೇಕು, 18 ತಿಂಗಳ ರೆಕಾರ್ಡಿಂಗ್ ಉಳೀಬೇಕು, ಅಂಥಾ ಉಪಕರಣ ಸಿಗಲಿಲ್ಲ ಅಂದ್ರೂ ಒಂದು ವರ್ಷಕ್ಕ ಕಡಿಮಿ ಆಗಬಾರದು, ಕ್ಯಾಮೆರಾ ನಡಿಯೋ ಜವಾಬ್ದಾರಿ ಆ ಠಾಣೆಯ ಎಸ್‌ಎಚ್‌ಒ ಅಂದ್ರ ಠಾಣಾಧಿಕಾರಿದು. ಕಾಗದದ ಮ್ಯಾಲೆ ಇಷ್ಟು ಗಟ್ಟಿ ಐತಿ. ಅದ ವರ್ಷ ಜೂನ್‌ದಾಗ ತಮಿಳುನಾಡಿನ ಸಾತಾನ್‌ಕುಳಂ ಠಾಣೆಗೆ ಒಯ್ದ ಜಯರಾಜ್, ಬೆನಿಕ್ಸ್ ಅನ್ನೋ ತಂದಿ ಮಗ ಹೊಡ್ತ ತಿಂದು ಸತ್ರಲ್ಲ, ಅಲ್ಲಿ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟ್ರು ಹೈಕೋರ್ಟಿಗೆ ಬರದಿದ್ದು ಇದನ್ನ, ಹಾರ್ಡ್ ಡಿಸ್ಕಿನ್ಯಾಗ ಜಾಗ ಬೇಕಾದಷ್ಟು ಇತ್ತು, ಆದ್ರ ಆಯಾ ದಿನದ್ದು ಆಯಾ ದಿನ ತಾನ ಅಳಿಯೋ ಹಂಗ ಸೆಟ್ಟಿಂಗ್ ಮಾಡಿದ್ರು ಅಂತ. ಕ್ಯಾಮೆರಾ ಇತ್ತು, ರೆಕಾರ್ಡಿಂಗ್ ಇರಲಿಲ್ಲ. ಆ ರಾತ್ರಿ ಠಾಣೆಯಾಗ ಆಗಿದ್ದು ಹೊರಗ ಬಂದಿದ್ದು ಅಲ್ಲಿನ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ರು ಧೈರ್ಯ ಮಾಡಿ ಸಾಕ್ಷಿ ಹೇಳಿದ್ದಕ್ಕ.

ಅದಕ್ಕ ನೀವು ನಿಮ್ಮದನ್ನ ಉಳಿಸ್ಕೊಳ್ರಿ. ಫೇಸ್ ಲಾಕ್, ಬೆರಳಚ್ಚು ಇವತ್ತ ತಗೀರಿ, ನಂಬರ್ ಲಾಕ್ ಇಡ್ರಿ. ವಿಡಿಯೋ ತಾನ ಬ್ಯಾಕಪ್ ಆಗೋ ಸೆಟ್ಟಿಂಗ್ ಹಾಕ್ರಿ, ಮೊಬೈಲ್ ಡೇಟಾದಾಗನೂ ನಡಿಯೋ ಹಂಗ, ಬಹಳ ಮಂದಿ ಫೋನಿನ್ಯಾಗ ಅದು ವೈಫೈ ಇದ್ರ ಅಷ್ಟ ನಡೀತೈತಿ, ನಸಿಕಿನ್ಯಾಗ ಹೈವೇ ಮ್ಯಾಲೆ ಎಲ್ಲೀ ವೈಫೈ. ನೆಟ್‌ವರ್ಕ್ ಇದ್ರ ಮನಿಯವ್ರಿಗೆ ವಿಡಿಯೋ ಕಾಲ್ ಹಚ್ಚಿ ಆಕಡಿಂದ ಸ್ಕ್ರೀನ್ ರೆಕಾರ್ಡ್ ಮಾಡ್ಸೋದು ಇನ್ನೂ ಚೊಲೋ, ಫೋನ್ ಕಸ್ಕೊಂಡ್ರೂ ಅಲ್ಲಿತನಕ ಆಗಿದ್ದು ಮನಿಯಾಗ ಉಳೀತೈತಿ. 112ಕ್ಕ ಕಾಲ್ ಮಾಡ್ರಿ, ಇಂಥಾ ಕಡಿ ಇಂಥಾ ಟೈಮಿಗೆ ಇದ್ವಿ ಅನ್ನೋದಕ್ಕ ಅದೊಂದು ದಾಖಲೆ.

ರೆಕಾರ್ಡ್ ಮಾಡೋವಾಗ ದೂರ ನಿಂದ್ರಿ, ಅಡ್ಡ ಹೋಗಬ್ಯಾಡ್ರಿ, ಮೈ ಮುಟ್ಟಬ್ಯಾಡ್ರಿ, ಅಲ್ಲೇ ಅವ್ರಿಗೆ ಕೇಸ್ ಸಿಗೋದು. ಸಾರ್ವಜನಿಕ ರಸ್ತೆ ಮ್ಯಾಲೆ ಡ್ಯೂಟಿ ಮಾಡೋ ಪೊಲೀಸ್ರ ವಿಡಿಯೋ ಮಾಡಬಾರದು ಅಂತ ಕಾನೂನಿಲ್ಲ. ಠಾಣೆ ಒಳಗ ಮಾಡಿದ್ರ ಆಫಿಷಿಯಲ್ ಸೀಕ್ರೆಟ್ಸ್ ಕಾಯ್ದೆ ಹಾಕ್ತೀವಿ ಅಂತ ಹೆದರಿಸ್ತಾರ, ಪೊಲೀಸ್ ಠಾಣೆ ಆ 1923ರ ಕಾಯ್ದೆ ಹೇಳೋ ನಿಷೇಧಿತ ಸ್ಥಳ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಾಗ ಹೇಳೈತಿ. ಫೋನ್ ತಗೊಂಡ್ರ ಜಪ್ತಿ ಮಹಜರ್ ಬರೀಬೇಕು, ಕಾಪಿ ಕೇಳ್ರಿ. ಅಳಸೋ ಅಧಿಕಾರ ಯಾವ ರ‍್ಯಾಂಕಿನವ್ರಿಗೂ ಇಲ್ಲ, ಸಾಕ್ಷಿ ನಾಶ ಮಾಡೋದು ನ್ಯಾಯ ಸಂಹಿತೆಯ 238ನೇ ಕಲಂ ಕೆಳಗ ಅಪರಾಧ.

ವಿಡಿಯೋ ಉಳೀತು ಅನ್ರಿ, ಅದನ್ನ ಕತ್ತರಿಸಬ್ಯಾಡ್ರಿ, ಹಾಡು ಹಚ್ಚಬ್ಯಾಡ್ರಿ, ಬಾಣದ ಗುರುತು ಹಾಕಬ್ಯಾಡ್ರಿ. ವಾಟ್ಸಾಪಿನ್ಯಾಗ ಹಂಗ ಕಳಿಸಿದ್ರ ಸೈಜ್ ಕುಗ್ಗಿ ಬ್ಯಾರೆ ಫೈಲ್ ಆಗ್ತೈತಿ, ಡಾಕ್ಯುಮೆಂಟ್ ಮಾಡಿ ಕಳಸ್ರಿ. ಮೂಲ ಫೋನ್ ಮಾರಬ್ಯಾಡ್ರಿ, ಕೋರ್ಟಿಗೆ ಕೊಡೋವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು, ಅದು ವಕೀಲರಿಗೆ ಗೊತ್ತಿರ್ತೈತಿ. ಲೋಕಲ್ ಪೇಜಿನವ್ರು ಬಂದು ಕೇಳ್ತಾರ, ಮೊದ್ಲ ವಕೀಲರಿಗೆ ಕೊಡ್ರಿ. ಪೇಜಿನವ್ರು ತಮಗ ಬೇಕಾದಷ್ಟ ಕತ್ತರಿಸಿ ಹಾಕ್ತಾರ, ನಮ್ಮ ತಮ್ಮನ ಕ್ಲಿಪ್ ಹಾಕಿದ ಪೇಜಿನವ್ರಿಗೆ ಎಷ್ಟು ಕೇಳ್ಕೊಂಡ್ರೂ ತಗದಿಲ್ಲ.

ಒತ್ತಾಯಕ್ಕ ರೊಕ್ಕ ಕೊಟ್ಟು ಬಂದಿದ್ರ 7 ದಿನದೊಳಗ ಲೋಕಾಯುಕ್ತ ಪೊಲೀಸ್ರಿಗೆ ಬರದು ಕೊಡ್ರಿ. 2018ರಾಗ ಭ್ರಷ್ಟಾಚಾರ ತಡೆ ಕಾಯ್ದೆ ತಿದ್ದಿದ ಮ್ಯಾಲೆ ಲಂಚ ಕೊಟ್ಟಾವನೂ ಅಪರಾಧಿನ, ಒತ್ತಾಯದಿಂದ ಕೊಟ್ಟು 7 ದಿನದಾಗ ತಿಳಿಸಿದವ್ರಿಗೆ ರಿಯಾಯ್ತಿ ಐತಿ. ಇದು ಬಹಳ ಮಂದಿಗೆ ಗೊತ್ತಿಲ್ಲ. ಎಸ್ಪಿಗೆ ದೂರು ಸ್ಪೀಡ್ ಪೋಸ್ಟಿನ್ಯಾಗ ಕಳಸ್ರಿ, ಕೈಯಾಗ ಕೊಟ್ರ ಸ್ವೀಕೃತಿ ಸೀಲು ಬೀಳೋತನಕ ಅಲ್ಲಿಂದ ಏಳಬ್ಯಾಡ್ರಿ. ಮುಚ್ಚಳಿಕಿಗೆ ಓದದ ಸಹಿ ಹಾಕಬ್ಯಾಡ್ರಿ, ಹಾಕಲೇಬೇಕಾತು ಅಂದ್ರ ಕೆಳಗ "ಒಪ್ಪಿಗೆ ಇಲ್ಲದೆ ಸಹಿ" ಅಂತ ನಿಮ್ಮ ಕೈಯಾರೆ ಬರದು ತಾರೀಖು ಹಾಕ್ರಿ. ಈ ಮಾತು ನನಗ ಹೇಳಿದ್ದು ಅದ ಇಲಾಖೆಯ ಒಬ್ರು ಹೆಡ್ ಕಾನ್‌ಸ್ಟೇಬಲ್, ಹೊರಗ ಚಾ ಕುಡಿಯೋವಾಗ. ಅವ್ರಿಗೆ ಪುಣ್ಯ ಬರ್ಲಿ.

ನಮ್ಮ ದೂರಿಗೆ ಎಸ್ಪಿ ಆಫೀಸಿನಿಂದ ಹಿಂಬರಹ ಬಂದೈತಿ, "ಆರೋಪ ಸಾಬೀತುಪಡಿಸುವ ಸಾಕ್ಷ್ಯ ದೊರೆತಿರುವುದಿಲ್ಲ". ಈಗ ಬೆಂಗಳೂರಿನ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕ ಬರದೀವಿ, ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮ್ಯಾಲೆ ಆಗಿದ್ದು ಅದು, ಪೊಲೀಸ್ರ ಮ್ಯಾಲಿನ ದೂರು ಪೊಲೀಸ್ರ ವಿಚಾರಿಸಬಾರದು ಅಂತ. ಹೋದ ಡಿಸೆಂಬರ್‌ದಾಗ ಬೆಳಿಗ್ಗೆ ಗಂಜಿಗೆ ಹೊಂಟ ಲಾರಿ, ಬಸ್, ಕಾರಿನ್ಯಾಗ ಇದ್ದವ್ರು, ಡ್ಯಾಶ್‌ಕ್ಯಾಮ್ ಇದ್ದವ್ರು, ಕರಿ ಅಂಗಿ ಹುಡುಗ ಬಿಳಿ ಪಿಕಪ್ ಮುಂದ ನಿಂತಿದ್ದು ನಿಮ್ಮ ವಿಡಿಯೋದಾಗ ಇದ್ರ ಕತ್ತರಿಸದ ಇನ್‌ಬಾಕ್ಸಿಗೆ ಹಾಕ್ರಿ, ಜಾಗ ತಾರೀಖು ನಾನು ಅಲ್ಲೇ ಹೇಳ್ತೀನಿ. ಚಾ ಹೋಟೆಲ್ ಮುಂದ ನಿಂತು ಆ ಅರ್ಧ ಕ್ಲಿಪ್ ಹಿಡದ ಅಣ್ಣಾ, ನಿಮ್ಮ ಮ್ಯಾಲೆ ಸಿಟ್ಟಿಲ್ಲ ನಮಗ, ಅದಕ್ಕಿಂತ ಮೊದಲಿಂದು ನಿಮ್ಮ ಫೋನಿನ್ಯಾಗ ಇದ್ರ ಅದನ್ನೂ ಕಳಸ್ರಿ.