ಹೋಸ್ ಪೈಪ್‌ಗೆ ಬಲಿಯಾದ ಇಂಜಿನ್: ಪಿಕಪ್‌ಗೆ ಫುಲ್ ಇಂಜಿನ್ ಕೆಲಸ ಮಾಡಿಸಿ 22 ತಿಂಗಳು

ಬೆಳಗಿನ ಜಾವ ಎರಡೂವರೆಗೆ ಬೆಂಗಳೂರಿನ ಕೆ.ಆರ್. ಪುರದ ನಮ್ಮ ಗಲ್ಲಿಯಲ್ಲಿ ಕೀ ತಿರುಗಿಸುತ್ತೇನೆ. ಒಂದೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್. 22 ತಿಂಗಳಾದರೂ ಆ ಸದ್ದು ಕೇಳಿದರೆ ನನಗೆ ಖುಷಿ. ಅದಕ್ಕೆ ಮುಂಚೆ ಒಂದು ವರ್ಷ ಇಳಿಜಾರು ಹುಡುಕಿ ಗಾಡಿ ನಿಲ್ಲಿಸುತ್ತಿದ್ದೆ. ಚಳಿಗಾಲದಲ್ಲಿ ತಳ್ಳದೆ ಬೇರೆ ದಾರಿ ಇರಲಿಲ್ಲ. ಸ್ಟಾರ್ಟ್ ಆದ ಮೇಲೆ ಗಲ್ಲಿ ತುಂಬ ಹೊಗೆ. ಎದುರುಮನೆ ಅಜ್ಜಿ ಎದ್ದು ಕಿಟಕಿ ಮುಚ್ಚುವಾಗ ಮನಸ್ಸಿಗೆ ತುಂಬ ಬೇಜಾರಾಗುತ್ತಿತ್ತು.

ಕೋಲಾರದ ಕಡೆಯ ತೋಟಗಳಿಂದ ಕಲಾಸಿಪಾಳ್ಯ ಮಾರ್ಕೆಟ್‌ಗೆ ಟೊಮೆಟೊ, ಕೋಸು ಹಾಕುವುದು ನನ್ನ ಕೆಲಸ. ಗಾಡಿ ಆಗಲೇ 3,40,000 ಕಿ.ಮೀ. ಓಡಿತ್ತು. ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ, ಅಂದರೆ ಬ್ಯಾಕ್ ಕಂಪ್ರೆಷನ್: ಪಿಸ್ಟನ್ ಮೇಲಿನ ಒತ್ತಡ ರಿಂಗು ದಾಟಿ ಕೆಳಗೆ ಸೋರುವುದು. ಮೂರು ದಿನಕ್ಕೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಲೋಡ್ ಇದ್ದರೆ ಕೆ.ಆರ್. ಪುರದ ತೂಗು ಸೇತುವೆ ಹತ್ತಲು ಸೆಕೆಂಡ್ ಗೇರ್ ಬೇಕಿತ್ತು.

ಗುಜರಿಯಲ್ಲಿ 65,000ಕ್ಕೆ ಹಳೆ ಇಂಜಿನ್ ಸಿಗುತ್ತೆ ಅಂದರು. ಅದು ಎಷ್ಟು ಓಡಿದೆ, ಹೇಗೆ ಓಡಿದೆ ಅಂತ ಯಾರು ಹೇಳುತ್ತಾರೆ? ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಯಿಸಲು ಆರ್‌ಟಿಒಗೆ ಅಲೆಯುವುದು ಬೇರೆ. ಹಾಫ್ ಇಂಜಿನ್ ಮಾಡಿಸಿದರೆ 35,000. ರಿಂಗು, ಬೇರಿಂಗ್ ಅಷ್ಟೇ. ಆದರೆ ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಇಳಿಸಿದಾಗ ಗ್ಯಾರೇಜ್ ಮೇಸ್ತ್ರಿ ನನ್ನ ಬೆರಳು ಹಿಡಿದು ಬೋರ್ (ಪಿಸ್ಟನ್ ಆಡುವ ಕೊಳವೆ) ಒಳಗೆ ಆಡಿಸಿದರು. ಮೇಲೆ, ರಿಂಗು ವಾಪಸ್ ತಿರುಗುವ ಜಾಗದಲ್ಲಿ, ಉಗುರು ತಡೆಯುವಷ್ಟು ಅಂಚು ಎದ್ದಿತ್ತು. "ಅಣ್ಣ, ಬೋರ್ ಗುಂಡಗೇ ಇಲ್ಲ. ಹೊಸ ರಿಂಗು ಹಾಕಿದರೂ ಕೂರಲ್ಲ" ಅಂದರು. ಫುಲ್ ಇಂಜಿನ್ ಕೆಲಸಕ್ಕೇ ಅಂತ ಚೀಟಿ ಎತ್ತಿದೆ. ಬೋರ್ ಮಾಡಿಸಿ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ಜೆ.ಸಿ. ರಸ್ತೆಯಿಂದ ತಂದ ಬೇರಿಂಗ್, ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್, ಕೂಲಿ, ಎಲ್ಲಾ ಸೇರಿ 1,08,000.

ಇಷ್ಟು ಓಡಿದೆ, ಸವೆದಿದೆ, ಸಹಜ ಅಂದುಕೊಂಡಿದ್ದೆ. ಮೇಸ್ತ್ರಿ ಒಪ್ಪಲಿಲ್ಲ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ, ಒಳಗೆ ಬೆರಳಾಡಿಸಿ ತೋರಿಸಿದರು. ಕೆಂಪು ಮಣ್ಣು! ಹಿಟ್ಟಿನಷ್ಟು ನುಣ್ಣಗೆ. ಹೋಸ್‌ನ ಕೆಳಗಡೆ, ಕಣ್ಣಿಗೆ ಬೀಳದ ಮಡಿಕೆಯಲ್ಲಿ, ಅರ್ಧ ಬೆರಳಿನಷ್ಟು ಸೀಳು. ತೋಟದ ದಾರಿಯ ಧೂಳೆಲ್ಲ ಫಿಲ್ಟರ್ ದಾಟುವ ಗೋಜಿಲ್ಲದೆ ನೇರ ಒಳಗೆ ಹೋಗಿದೆ. ಆಯಿಲ್ ಜೊತೆ ಸೇರಿ ಮರಳು ಕಾಗದದ ಹಾಗೆ ಬೋರ್ ಉಜ್ಜಿದೆ. ಪ್ರತಿ ಸರ್ವಿಸ್‌ನಲ್ಲೂ ಫಿಲ್ಟರ್‌ಗೆ ಗಾಳಿ ಹೊಡೆದು, ದುಡ್ಡು ತೆಗೆದುಕೊಂಡವರು ಒಬ್ಬರೂ ಆ ಹೋಸ್ ಬಗ್ಗಿಸಿ ನೋಡಿರಲಿಲ್ಲ. ಹೊಸ ಹೋಸ್‌ಗೆ ನಾನು ಕೊಟ್ಟಿದ್ದು 380 ರೂಪಾಯಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಕೆಲಸ ಆದ ಮೇಲೆ ಮೊದಲ 1,000 ಕಿ.ಮೀ. 80 ಬಾಕ್ಸ್ ಬದಲು 40 ಬಾಕ್ಸ್ ಲೋಡ್. ಸುಮ್ನೆ ನಿಲ್ಲಿಸಿ ಇಂಜಿನ್ ಓಡಿಸಬೇಡಿ, ಜೋರಾಗಿ ಎಳೆದೂ ಓಡಿಸಬೇಡಿ ಅಂತ ಮೇಸ್ತ್ರಿ ಅಂದಿದ್ದರು. ಹಾಗೇ ಮಾಡಿದೆ. 1,000ಕ್ಕೆ ಆಯಿಲ್ ಬದಲಾಯಿಸಿದೆ.

ಕೆಲಸ ಆದ ಒಂಬತ್ತನೇ ತಿಂಗಳಲ್ಲಿ ಒಂದು ಪೆಟ್ಟು ಬಿತ್ತು. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕಲು ಶುರು. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್. ಒರಿಜಿನಲ್ ಅಂತ ಹೇಳಿ ಅಂಗಡಿಯಲ್ಲಿ ಡೂಪ್ಲಿಕೇಟ್ ಕೊಟ್ಟಿದ್ದರು. ಸಣ್ಣ ಸೀಲ್‌ಗೋಸ್ಕರ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಟೊಮೆಟೊಗೆ ಒಳ್ಳೆ ರೇಟ್ ಇದ್ದ ವಾರದಲ್ಲೇ ಎರಡು ದಿನ ಗಾಡಿ ನಿಂತಿತು. ಸಿಟ್ಟಿನಿಂದಲೇ ಗ್ಯಾರೇಜ್‌ಗೆ ಹೋಗಿದ್ದೆ. ಮೇಸ್ತ್ರಿ ಕೂಲಿ ಮುಟ್ಟಲಿಲ್ಲ. ಸೀಲ್ ತರಲು ತಾವೇ ಜೊತೆಗೆ ಬಂದರು. ಆಮೇಲೆ ಸಿಟ್ಟು ಎಲ್ಲಿ ಉಳಿಯುತ್ತೆ?

ಇಂಜಿನ್ ಮಾಡಿಸಿದ ಮೇಲೆ ಈಗ 71,000 ಕಿ.ಮೀ. ಆಗಿದೆ. ಒಂದು ಆಯಿಲ್ ಚೇಂಜ್‌ನಿಂದ ಇನ್ನೊಂದರವರೆಗೆ ಮೇಲೆ ಹಾಕುವ ಕೆಲಸವಿಲ್ಲ. ಮೈಲೇಜ್ ಹತ್ತರಿಂದ ಹನ್ನೆರಡಕ್ಕೆ ಬಂದಿದೆ. ತೂಗು ಸೇತುವೆಯನ್ನು ಫುಲ್ ಲೋಡ್‌ನಲ್ಲಿ ಥರ್ಡ್ ಗೇರ್‌ನಲ್ಲೇ ಹತ್ತುತ್ತದೆ. ನನ್ನ ಹಾಗೆ ದಿನಾ ಲೋಡ್ ಹಾಕುವವರಾದರೆ, ಚಾಸಿ, ಬಾಡಿ ಗಟ್ಟಿ ಇದ್ದರೆ, ಮಾಡಿಸಿ. ವಾರಕ್ಕೆರಡು ದಿನ ಗಾಡಿ ತೆಗೆಯುವವರಿಗೆ ಈ ದುಡ್ಡು ಜಾಸ್ತಿ ಆಯಿತು.

ಪ್ರತಿ ಭಾನುವಾರ ಮಾರ್ಕೆಟ್‌ನಿಂದ ಬಂದು, ಇಂಜಿನ್ ಆರಿದ ಮೇಲೆ ಬಾನೆಟ್ ಎತ್ತುತ್ತೇನೆ. ಹಳೆ ಬನಿಯನ್ ಬಟ್ಟೆಯಲ್ಲಿ ಆಯಿಲ್ ಕಡ್ಡಿ ಒರೆಸಿ ನೋಡುತ್ತೇನೆ. ಆಮೇಲೆ ಆ ಹೋಸ್‌ನ ಎರಡೂ ಕ್ಲಿಪ್ ಬಿಚ್ಚಿ, ಒಳಗೆ ಬಿಳಿ ಬಟ್ಟೆ ತೂರಿಸಿ ಒರೆಸುತ್ತೇನೆ. ಈ ವಾರವೂ ಬಟ್ಟೆ ಬೆಳ್ಳಗೇ ಹೊರಗೆ ಬಂತು.